ಬಿಸಿ ಬ್ರೆಡ್ಡು, ತಂಗಳು ಸುದ್ದಿ

ಬೆಳಕು ಇನ್ನೂ ಚರ್ಚಿನ ಗುಮ್ಮಟದ ಮೇಲೇ ಇದೆ, ಓಣಿಗೆ ಇಳಿದಿಲ್ಲ. ವಿಸ್ತಿನ್ ರಾಪಾ ಅವರ ಬಿಳಿ ವ್ಯಾನು ಮೊದಲ ತಿರುವಿಗೆ ಬಂದು ನಿಲ್ಲುತ್ತದೆ. ಪೋಂ, ಪೋಂ, ಪೋಂ. ಈ ಹಾರ್ನು ಅವರ ಅಪ್ಪನ ಕಾಲದ್ದು, ರಬ್ಬರ್ ಗುಂಡನ್ನು ಹಿಚುಕಿದರೆ ಕೂಗುವಂಥದ್ದು. ವ್ಯಾನು ಮೂರು ಬದಲಾಗಿವೆ, ಹಾರ್ನು ಅದೇ ಇದೆ. ಬಾಗಿಲುಗಳು ತೆರೆಯುತ್ತವೆ, ಕೂದಲು ಗಂಟು ಹಾಕಿಕೊಳ್ಳುತ್ತಲೇ ಹೆಂಗಸರು ಹೊರಗೆ ಬರುತ್ತಾರೆ. ಎದ್ದು ಬರಲಾಗದವರ ಬಾಗಿಲ ಹಿಡಿಗೆ ಬಟ್ಟೆಯ ಚೀಲ ನೇತಾಡುತ್ತಿರುತ್ತದೆ, ಅದಕ್ಕೆ ವಿಸ್ತಿನ್ ಅವರೇ ಇಳಿದು ಹೋಗಿ ಬ್ರೆಡ್ಡು ಹಾಕಿ ಬರುತ್ತಾರೆ.

"ಎರಡು ದೊಡ್ಡದು, ಒಂದು ಚಪ್ಪಟೆ ಫ್ತೀರಾ. ಸೀದಿರೋದು ಕೊಡ್ಬೇಡ," ಎನ್ನುತ್ತಾರೆ ಮೊದಲನೆಯವರು. ವಿಸ್ತಿನ್ ಅವರ ಕೈ ತಾನಾಗಿ ಬ್ರೆಡ್ಡು ಆರಿಸುತ್ತದೆ. ಕಣ್ಣು ಮಾತ್ರ ಗಿರಾಕಿಯ ತಲೆಯ ಮೇಲಿಂದ ಹಾದು ಕರೆಂಟಿನ ತಂತಿಗೆ ಅಂಟಿಕೊಂಡಿದೆ.

"ಲೋ ವಿಸ್ತಿನ್, ನನ್ನ ಮುಖ ಇಲ್ಲಿದೆ ಕಣೋ, ತಂತಿ ಮೇಲಿಲ್ಲ."

"ತಂತಿ ಮೇಲಿರೋದು ನಿನಗಿಂತ ಚೆನ್ನಾಗಿದೆ, ಅದಕ್ಕೇ ನೋಡ್ತಿದೀನಿ. ತಗೋ, ಚಿಲ್ಲರೆ ಎಣಿಸ್ಕೋ."

ತಂತಿಯ ಮೇಲಿರುವುದು ಕಳ್ಳಿಪೀರ ಹಕ್ಕಿಗಳ ಸಾಲು. ಸೆಪ್ಟೆಂಬರಿನಲ್ಲಿ ಅವು ಹೀಗೆ ನಮ್ಮ ಗೋಝೋ ದ್ವೀಪದಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಮೈ ಬಿಸಿ ಮಾಡಿಕೊಂಡು ಆಫ್ರಿಕಾದ ಕಡೆಗೆ ಹೊರಡುತ್ತವೆ. ವಿಸ್ತಿನ್ ತುಟಿಯಲ್ಲೇ ಎಣಿಸುತ್ತಾರೆ. ಹೆಂಗಸರಿಗೆ ಇದು ಹೊಸದೇನಲ್ಲ. ವಿಸ್ತಿನ್ ಎಣಿಸಿ ಮುಗಿಸುವ ತನಕ ಕಾಯುತ್ತಾರೆ, ಆಮೇಲೆ ಬೈಯುತ್ತಾರೆ.

ನಮ್ಮ ಪತ್ರಿಕೆಯ ಈ ಪುರವಣಿಯವರು ನನ್ನನ್ನು ಆಗಾಗ ಒಬ್ಬ 'ಸಾಧಕ'ರನ್ನು ಹುಡುಕಿಕೊಡಿ ಎಂದು ಪೀಡಿಸುತ್ತಿರುತ್ತಾರೆ. ಆ ಮಾತನ್ನು ವಿಸ್ತಿನ್ ಅವರ ಕಿವಿಗೆ ಹಾಕಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಧಕ ಅಂದ್ರೆ ಫೋಟೊಗೆ ಹಾರ ಹಾಕಿರ್ತಾರಲ್ಲ, ಅವರಾ? ನಾನಿನ್ನೂ ಬದುಕಿದೀನಿ ಕಣಪ್ಪಾ." ಹಾಗಿದ್ದೂ ಅವರ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ಅವರಲ್ಲ. ಫಿಲುಮೆನಾ ಗ್ರೀಮಾ ಎಂಬ ಎಪ್ಪತ್ತು ದಾಟಿದ ಗಿರಾಕಿಯೊಬ್ಬರು ಖುದ್ದಾಗಿ ಪತ್ರಿಕೆಯ ಕಚೇರಿಗೆ ಬಂದು, ಮೇಜು ಗುದ್ದಿ, ಬರೆಯಲೇಬೇಕು ಎಂದರು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ವಿಸ್ತಿನ್ ಅವರಿಗೆ ಈಗ ಐವತ್ತೆಂಟು. ಅಪ್ಪ ಸತ್ತ ವಾರವೇ ವ್ಯಾನಿನ ಚಕ್ರ ಹಿಡಿದವರು. ಒಲೆ ಅವರ ಚಿಕ್ಕಪ್ಪನ ಮಗನದು, ಮಾರಾಟ ಇವರದು. ಒಂದು ಕಾಲಕ್ಕೆ ಮೂರು ಊರು ಸುತ್ತುವಷ್ಟರಲ್ಲಿ ವ್ಯಾನು ಎರಡು ಸಲ ಖಾಲಿಯಾಗುತ್ತಿತ್ತು. ಈಗ ಒಂದು ಸಲ ಖಾಲಿಯಾದರೆ ಪುಣ್ಯ. ಪ್ಲಾಸ್ಟಿಕ್ ಚೀಲದಲ್ಲಿ ಹೋಳು ಮಾಡಿಟ್ಟ ಬ್ರೆಡ್ಡು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ವಾರವಾದರೂ ಮೆತ್ತಗೇ ಇರುತ್ತದೆ. "ಅದು ಬ್ರೆಡ್ಡಲ್ಲ, ದಿಂಬು," ಎನ್ನುವುದು ವಿಸ್ತಿನ್ ಅವರ ತೀರ್ಪು. ಹತ್ತಿ ಇಳಿದು, ಹತ್ತಿ ಇಳಿದು ಬಲ ಮೊಣಕಾಲು ಸವೆದಿದೆ. ಡಾಕ್ಟರು ವಿಶ್ರಾಂತಿ ಬರೆದುಕೊಟ್ಟಿದ್ದಾರೆ, ಇವರು ತೆಗೆದುಕೊಂಡಿಲ್ಲ.

ಹಕ್ಕಿಯ ಹುಚ್ಚು ಹಿಡಿದದ್ದು ಒಂದು ಅಪಘಾತದಿಂದ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಹಕ್ಕಿಯೊಂದು ವ್ಯಾನಿನ ಗಾಜಿಗೆ ಬಡಿದು ಸತ್ತಿತು. ಎತ್ತಿ ನೋಡಿದರೆ ಕಾಲಿಗೆ ತಗಡಿನ ಉಂಗುರ, ಅದರ ಮೇಲೆ ಅಂಕಿ. ದೊಡ್ಡ ದ್ವೀಪದ, ಅಂದರೆ ಮಾಲ್ಟಾದ, ಪಕ್ಷಿ ಸಂಘಕ್ಕೆ ಫೋನು ಮಾಡಿದರು. ಕೆಲವು ವಾರಗಳ ಮೇಲೆ ಉತ್ತರ ಬಂತು: ಹಿಮ ಬೀಳುವ ಯಾವುದೋ ದೇಶದಲ್ಲಿ ಅದಕ್ಕೆ ಉಂಗುರ ತೊಡಿಸಿದ್ದರಂತೆ.

"ಅಷ್ಟು ದೂರದಿಂದ ಸಮುದ್ರ ದಾಟ್ಕೊಂಡು ಬಂದು ನನ್ನ ವ್ಯಾನಿಗೇ ಬಡೀಬೇಕಾ ಹೇಳಿ? ಊಟ ಸೇರ್ಲಿಲ್ಲ ನಂಗೆ. ಕೊಂದೋನು ನಾನು, ಲೆಕ್ಕನಾದ್ರೂ ಒಪ್ಪಿಸೋಣ ಅನ್ನಿಸ್ತು."

ಅಂದಿನಿಂದ ಲೆಕ್ಕ ಒಪ್ಪಿಸುತ್ತಲೇ ಇದ್ದಾರೆ. ಸುತ್ತು ಮುಗಿದ ಮೇಲೆ ಬಂದರಿನ ಅಂಗಡಿಯಲ್ಲಿ ಗಾಜಿನ ಲೋಟದ ತುಂಬ ಹಾಲಿನ ಚಹಾ ಹಿಡಿದು ಕೂರುತ್ತಾರೆ. ಸಂಘದ ರೊವೆನಾ ಅವರಿಗೆ ಫೋನು ಹೋಗುತ್ತದೆ. ಏನು ಕಂಡಿತು, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು, ಜೊತೆಯಲ್ಲಿ ಯಾರು ನೋಡಿದರು. ಇಷ್ಟಕ್ಕೆ ಇವರು ಉತ್ತರ ಕೊಡಬೇಕು, ಆಕೆ ದಾಖಲಿಸಿಕೊಳ್ಳಬೇಕು. ದ್ವೀಪದ ಮೇಲೆ ಹಾದುಹೋಗುವ ಹಕ್ಕಿಗಳ ವರ್ಷದ ವರದಿ ಇಂಥವರ ಬಾಯಿಂದಲೇ ತಯಾರಾಗುತ್ತದೆ. ಇದಕ್ಕೆ ಸಂಬಳವಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ಹೆಂಡತಿ ಹಂಗಿಸುತ್ತಾರಂತೆ. "ಹಿಟ್ಟಿಗೇನೇ ಬರ ನಮ್ಮನೇಲಿ? ಮೈಯೆಲ್ಲ ಹಿಟ್ಟೇ," ಎಂದು ಇವರು ತೋಳು ಕೊಡವುತ್ತಾರೆ.

ಒಂದು ವಿಷಯ ಮಾತ್ರ ರೊವೆನಾ ಅವರಿಗೆ ತಲೆನೋವು. ವಿಸ್ತಿನ್ ಅವರ ಸುದ್ದಿ ಎಂದೂ ಆ ದಿನದ್ದಲ್ಲ. ಅಪರೂಪದ ಹಕ್ಕಿ ಬಂದರೆ, ಅದು ದ್ವೀಪ ಬಿಟ್ಟು ಹಾರಿಹೋಗಿದೆ ಎಂದು ಖಾತ್ರಿಯಾಗುವ ತನಕ ಬಾಯಿ ಬಿಡುವುದಿಲ್ಲ.

"ನನ್ನ ಬ್ರೆಡ್ಡು ಬಿಸಿ, ಸುದ್ದಿ ತಂಗಳು," ಎನ್ನುತ್ತಾರೆ. "ಬಿಸಿ ಸುದ್ದಿ ಕೊಟ್ರೆ ಕೇಳೋರು ಇಬ್ರು ಇರ್ತಾರೆ. ಒಬ್ರ ಕೈಲಿ ದುರ್ಬೀನು, ಇನ್ನೊಬ್ರ ಕೈಲಿ ಕೋವಿ."

ಕೋವಿಯ ವಿಷಯ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಟೆಯ ಲೈಸೆನ್ಸು ಇರುವುದು ಪುರಲೆ, ಬೆಳವದಂಥ ಹಕ್ಕಿಗಳಿಗೆ. ಕಣ್ಣು ಇರುವುದು ಬೇರೆಯದರ ಮೇಲೆ. ಎಷ್ಟೋ ಮನೆಗಳ ಮುಂದಿನ ಕೋಣೆಯಲ್ಲಿ ಗಾಜಿನ ಬೀರುವಿದೆ, ಅದರೊಳಗೆ ಹತ್ತಿ ತುಂಬಿದ ಹಕ್ಕಿಗಳಿವೆ. ಆ ಮನೆಗಳಿಗೂ ವಿಸ್ತಿನ್ ಅವರೇ ಬ್ರೆಡ್ಡು ಕೊಡುತ್ತಾರೆ.

ಹತ್ತು ವರ್ಷದ ಹಿಂದಿನ ಕಥೆಯನ್ನು ಅವರು ವ್ಯಾನು ನಿಲ್ಲಿಸಿ ಹೇಳುತ್ತಾರೆ. ಓಡಿಸುತ್ತಾ ಹೇಳಲು ಆಗುವುದಿಲ್ಲವಂತೆ. ಫಿಲುಮೆನಾ ಅವರ ಓಣಿಯ ತಿರುವಿನಲ್ಲಿ, ಗೋಡೆಯಾಚೆಯ ಮೇವಿನ ಹೊಲದಲ್ಲಿ, ಒಂದು ಕಪ್ಪು ಕೊಕ್ಕರೆ ಇಳಿದಿತ್ತು. ಎಳೆಯದು, ದಣಿದದ್ದು, ಒಂದು ಕಾಲೆತ್ತಿ ನಿಂತೇ ನಿದ್ದೆ ಮಾಡುತ್ತಿತ್ತು. ಪೋಂ ಎಂದರೆ ಬೆಚ್ಚಿ ಏಳುತ್ತದೆ, ಎದ್ದರೆ ಎಲ್ಲರಿಗೂ ಕಾಣುತ್ತದೆ. ವಿಸ್ತಿನ್ ಯೋಚಿಸಿದರು. ಆ ತಿರುವಿನಲ್ಲಿ ಹಾರ್ನು ಹೊಡೆಯದೆ, ಎಂಜಿನ್ ಆರಿಸಿ, ಇಳಿಜಾರಿನಲ್ಲಿ ವ್ಯಾನನ್ನು ಹಾಗೇ ಜಾರಿಸಿಕೊಂಡು ಹೋದರು.

ಓಣಿಯಲ್ಲಿ ಗದ್ದಲವೆದ್ದಿತು. ವ್ಯಾನು ಬರಲಿಲ್ಲ, ಬ್ರೆಡ್ಡಿಲ್ಲ, ಮಕ್ಕಳಿಗೆ ಏನು ಕೊಡುವುದು? ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಫಿಲುಮೆನಾ. ಎದುರು ಮನೆಯಲ್ಲಿ ಒಬ್ಬ ಬೇಟೆಗಾರನಿದ್ದಾನೆ. ಹೆಸರು ಬರೆಯುವುದಿಲ್ಲ, ಭಾನುವಾರದ ಈ ಪತ್ರಿಕೆಯನ್ನು ಅವನೂ ಓದುತ್ತಾನೆ. ಅವನು ಕೂಗಾಡಲಿಲ್ಲ. ಮಳೆ ಬರಲಿ ಗಾಳಿ ಬರಲಿ ಒಂದು ತಿರುವನ್ನೂ ಬಿಡದ ವಿಸ್ತಿನ್ ಇಲ್ಲಿ ಮಾತ್ರ ಯಾಕೆ ಸುಮ್ಮನಾದ ಎಂದು ಯೋಚಿಸಿದ. ಗೋಡೆ ಹತ್ತಿ ನೋಡಿದ. ವಿಸ್ತಿನ್ ಇನ್ನೂ ಪಕ್ಕದ ಊರು ಮುಟ್ಟಿರಲಿಲ್ಲ, ಗುಂಡಿನ ಸದ್ದು ಕೇಳಿಸಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನನ್ನನ್ನ ಯಾರೂ ಕಳ್ಳ ಅಂತ ಕೂಡ ಅಂದಿರ್ಲಿಲ್ಲ. ನಾನೇ ಮುಟ್ಕೊಂಡೆ. ಬಾಯಿ ಮುಚ್ಕೊಂಡ್ರೆ ಸಾಕು ಅಂದ್ಕೊಂಡಿದ್ದೆ. ಬ್ರೆಡ್ ಮಾರೋನು ಬಾಯಿ ಮುಚ್ಚಿದ್ರೆ ಅದೇ ಡಂಗೂರ ಅಂತ ಹೊಳೀಲೇ ಇಲ್ಲ."

ಮರುದಿನ ಆ ಆಸಾಮಿ ಎಂದಿನಂತೆ ವ್ಯಾನಿನ ಹತ್ತಿರ ಬಂದ, ಒಂದು ಫ್ತೀರಾ ಕೇಳಿದ, ಇವರು ಕೊಟ್ಟರು. ಇವರು ಪೊಲೀಸರಿಗೆ ಹೇಳಿದ್ದರು, ಯಾರೂ ನೋಡಿದವರಿಲ್ಲ ಎಂದು ಆ ವಿಷಯ ಅಲ್ಲಿಗೇ ಮುಗಿಯಿತು. ಅಂದಿನಿಂದ ಇವರು ಯಾವ ತಿರುವಿನಲ್ಲೂ ಹಾರ್ನು ಬಿಟ್ಟಿಲ್ಲ. ಹಕ್ಕಿ ಇದ್ದರೂ ಪೋಂ ಪೋಂ ಪೋಂ, ಇಲ್ಲದಿದ್ದರೂ ಪೋಂ ಪೋಂ ಪೋಂ.

ಈ ವಸಂತದಲ್ಲಿ, ಅದೇ ತಿರುವಿಗೆ, ಚಂದ್ರಮುಕುಟಗಳು ಬಂದವು.

ಮಾರ್ಚಿನಲ್ಲಿ ಚಂದ್ರಮುಕುಟ ಹಾದುಹೋಗುವುದು ಹೊಸದಲ್ಲ. ತಲೆಯ ಮೇಲೆ ಬೀಸಣಿಗೆ ಬಿಚ್ಚಿ, ಹುಲ್ಲಿನಲ್ಲಿ ನಾಲ್ಕು ಹುಳು ಹೆಕ್ಕಿ, ಉತ್ತರಕ್ಕೆ ಹೋಗಿಬಿಡುತ್ತದೆ. ಈ ಜೋಡಿ ಹೋಗಲಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹೊಲದ ಗೋಡೆಯಲ್ಲಿ, ವ್ಯಾನು ನಿಲ್ಲುವ ಜಾಗದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಸಂದಿಯೊಳಗೆ ಹೆಣ್ಣು ಕೂತುಬಿಟ್ಟಿತು. ನಮ್ಮ ದ್ವೀಪದಲ್ಲಿ ಚಂದ್ರಮುಕುಟ ಮರಿ ಮಾಡಿದ್ದನ್ನು ವಿಸ್ತಿನ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎದುರು ಮನೆಯಲ್ಲಿ ಅದೇ ಆಸಾಮಿ. ವಿಸ್ತಿನ್ ಗೂಡಿನ ಬಾಯಲ್ಲೇ ನಿಂತು, ಏನೂ ಕಾಣದವರ ಹಾಗೆ, ದಿನವೂ ಹಾರ್ನು ಹೊಡೆಯಬೇಕು.

"ಮೊದಲ್ನೇ ದಿನ ಹೊಡ್ದಾಗ ಕಣ್ಣು ಮುಚ್ಕೊಂಡ್ಬಿಟ್ಟೆ. ಹೆಣ್ಣು ಹಾರಿಹೋಯ್ತು ಅಂತ್ಲೇ ಲೆಕ್ಕ. ಅದು ಹಾರ್ಲಿಲ್ಲ. ಗಂಡು ಎಲ್ಲೋ ಮೇಲಿಂದ ಹುಪ್, ಹುಪ್, ಹುಪ್ ಅಂತ ವಾಪಸ್ ಕೂಗ್ತು. ಜಗಳಕ್ಕೆ ಬಂದ ಇನ್ನೊಂದು ಗಂಡು ಅಂದ್ಕೊಳ್ತೋ ಏನೋ ನನ್ನ ವ್ಯಾನನ್ನ!"

ಹಾರ್ನಿಗೆ ಹಕ್ಕಿ ಒಗ್ಗಿಕೊಂಡಿತು. ಓಣಿಗೆ ಒಗ್ಗದೇ ಹೋದದ್ದು ಅದರ ನಾತ. ಚಂದ್ರಮುಕುಟದ ಅಂದ ನೋಡಿ ಮರುಳಾದವರು ಅದರ ಗೂಡಿನ ಹತ್ತಿರ ಹೋಗಬಾರದು. ಕಾವು ಕೂತ ಹೆಣ್ಣು ಕೊಳೆತ ಮಾಂಸದಂಥ ನಾತ ಬಿಡುತ್ತದೆ, ಮರಿಗಳು ಅದಕ್ಕಿಂತ ಒಂದು ಕೈ ಮೇಲು. ಮೇ ತಿಂಗಳ ಬಿಸಿಲಿಗೆ ಓಣಿ ಗಬ್ಬೆದ್ದಿತು. ಗೋಡೆ ಇರುವುದು ಫಿಲುಮೆನಾ ಅವರ ಮನೆಗೆ ತಾಗಿಕೊಂಡು. ದಿನಾ ಬೆಳಿಗ್ಗೆ ಬಾಗಿಲ ಮುಂದಿನ ಬೀದಿಯನ್ನೂ ಸೋಪು ಹಾಕಿ ತೊಳೆಯುವ ಹೆಂಗಸು ಅವರು, ಪಕ್ಕದ ಮನೆಯವರ ಕಿಟಕಿಯ ಧೂಳಿಗೂ ಬೈಯುವವರು. ಗೋಡೆಯೊಳಗೆ ಇಲಿ ಸತ್ತಿದೆ ಎಂದು ತೀರ್ಮಾನಿಸಿ, ಪೊರಕೆ, ಬ್ಲೀಚಿನ ಬಕೆಟ್ಟು ಹಿಡಿದು, ಸಂದಿಗೆ ಮುಖವಿಟ್ಟು ಇಣುಕಿದರು.

ಮುಂದಿನದನ್ನು ಅವರ ಬಾಯಲ್ಲೇ ಕೇಳಬೇಕು. "ಚಿರ್ ಅಂತು. ಮುಖದ ತುಂಬ! ಸಾಂತಾ ಮರಿಯಾ, ಇಷ್ಟು ವರ್ಷ ಗಂಡನ್ನ ಸಾಕಿದೀನಿ, ಐದು ಮಕ್ಕಳನ್ನ ಹೆತ್ತಿದೀನಿ, ಯಾರೂ ನನ್ನ ಮುಖಕ್ಕೆ ಹೀಗೆ ಮಾಡಿರ್ಲಿಲ್ಲ. ಗುರಿ ಅಂದ್ರೆ ಗುರಿ! ನಮ್ಮೆದುರು ಮನೆಯೋನಿಗೂ ಅಂಥಾ ಗುರಿ ಇಲ್ಲ."

ಕಿರುಚಿಕೊಳ್ಳುವ ಹೊತ್ತಿಗೆ ವ್ಯಾನು ಬಂತು. ಬಕೆಟ್ಟು ಎತ್ತಿ ಸಂದಿಗೆ ಸುರಿಯಲು ಹೊರಟ ಕೈಯನ್ನು ವಿಸ್ತಿನ್ ಹಿಡಿದುಕೊಂಡರು.

"ಅಕ್ಕಾ, ಬೇಡ. ಮರಿ ಇದಾವೆ ಒಳಗೆ. ದಮ್ಮಯ್ಯ ಅಂತೀನಿ."

"ಎಂಥ ಮರಿಯೋ? ಸೈತಾನನ ಮರಿಯಾ?"

ಯಾವ ಹಕ್ಕಿಯ ಮರಿ ಎಂದು ವಿಸ್ತಿನ್ ಹೇಳಿದರು. ಕೊಕ್ಕರೆಯ ಕಥೆಯನ್ನೂ ಹೇಳಿದರು, ಆ ದಿನ ಹಾರ್ನು ಯಾಕೆ ಹೊಡೆಯಲಿಲ್ಲ ಎಂಬುದನ್ನೂ. ಫಿಲುಮೆನಾ ಬಕೆಟ್ಟು ಕೆಳಗಿಟ್ಟರು, ಸೆರಗಿನಂತೆ ಇಳಿಬಿದ್ದಿದ್ದ ಏಪ್ರನ್ನಿನ ತುದಿಯಲ್ಲಿ ಮುಖ ಒರೆಸಿಕೊಂಡರು. "ಆವತ್ತು ನಾನು ಊರೆಲ್ಲ ಕೇಳೋ ಹಾಗೆ ಬಾಯಿ ಮಾಡ್ದೆ ಅಲ್ವಾ?" ಎಂದಷ್ಟೇ ಕೇಳಿದರು. ವಿಸ್ತಿನ್ ಎರಡು ಬ್ರೆಡ್ಡು ಆರಿಸಿ ಕೊಟ್ಟರು. ಫಿಲುಮೆನಾ ಅವನ್ನು ತೆಗೆದುಕೊಂಡು ಒಳಗೆ ಹೋದರು.

ಮರುದಿನ ಗೋಡೆಯ ಬುಡದಲ್ಲಿ ಒಂದು ಚೀಲ ಕೋಳಿಗೊಬ್ಬರ ಬಂದು ಕೂತಿತ್ತು. ಟೊಮೆಟೊ ಗಿಡಕ್ಕೆ ತರಿಸಿದ್ದು, ಕಳಿಯಲಿ ಎಂದು ಬಿಟ್ಟಿದ್ದೇನೆ ಎಂದು ಫಿಲುಮೆನಾ ಕೇಳಿದವರಿಗೆಲ್ಲ ಹೇಳಿದರು. ಗೂಡಿನ ನಾತವೆಲ್ಲ ಆ ಚೀಲದ ಲೆಕ್ಕಕ್ಕೆ ಹೋಯಿತು, ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡು ಅವರ ಮೇಲೆ ಬಿತ್ತು. ವಯಸ್ಸಾಯಿತು, ಈಗ ಮೊದಲಿನ ಶುಚಿ ಇಲ್ಲ ಎಂದರು. ಸೊಸೆಯೊಬ್ಬಳು ಮಕ್ಕಳನ್ನು ಕರೆದುಕೊಂಡು ಭಾನುವಾರದ ಊಟಕ್ಕೆ ಬರುವುದನ್ನೇ ಬಿಟ್ಟಳು. ಪಾದ್ರಿಗಳು ಕೂಡ, ಯಾರಾದರೂ ಸಹಾಯಕ್ಕೆ ಬೇಕೇ ಎಂದು ಮೆತ್ತಗೆ ವಿಚಾರಿಸಿದರಂತೆ. ಒಂದು ಮಾತಿಗೆ ನಾಲ್ಕು ಮಾತು ಕೊಡುವ ಹೆಂಗಸು ಇದೆಲ್ಲವನ್ನೂ ನುಂಗಿಕೊಂಡು ಕೂತರು. ಹಕ್ಕಿಗಾಗಿ ಕೋವಿಗೆ ಎದೆ ಕೊಟ್ಟವರ ಬಗ್ಗೆ ಬರೆಯಿರಿ ಎಂದರೆ ಯಾರಾದರೂ ಬರೆದಾರು. ತಮ್ಮ ಮರ್ಯಾದೆಯನ್ನೇ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದು ಇದೇ ಮೊದಲು.

ಒಂದು ಬೆಳಿಗ್ಗೆ ಎಲ್ಲವೂ ಕೈತಪ್ಪುವುದರಲ್ಲಿತ್ತು. ಎದುರು ಮನೆಯವನು ವ್ಯಾನಿನ ಪಕ್ಕ, ಗೋಡೆಗೆ ಬೆನ್ನು ಹಾಕಿ ನಿಂತು ಫ್ತೀರಾ ಆರಿಸುತ್ತಿದ್ದ. ಗಂಡು ಚಂದ್ರಮುಕುಟ ಕೊಕ್ಕಿನಲ್ಲಿ ಹುಳು ಹಿಡಿದು ಅವನ ತಲೆಯ ಹಿಂದೆಯೇ ಗೋಡೆಯ ಮೇಲೆ ಇಳಿಯಿತು. ಒಳಗಿನಿಂದ ಮರಿಗಳು ಚೀರತೊಡಗಿದವು. ಅವನು ಕತ್ತು ತಿರುಗಿಸುವಷ್ಟರಲ್ಲಿ ಫಿಲುಮೆನಾ ಎಸೆದ ಒಂದು ದೊಡ್ಡ ಬ್ರೆಡ್ಡು ಹಾರಿಬಂದು ಅವನ ಕಾಲ ಬಳಿ ಬಿತ್ತು.

"ಇದನ್ನ ಬ್ರೆಡ್ಡು ಅಂತಾರೇನೋ ವಿಸ್ತಿನ್? ಕಲ್ಲು ಇದು, ಕಲ್ಲು! ನಿಮ್ಮಪ್ಪ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ದ!"

"ಬಿಸಿ ಬ್ರೆಡ್ಡು ಅಕ್ಕಾ, ಈಗಷ್ಟೇ ಒಲೆಯಿಂದ..."

"ಬಾಯ್ ಮುಚ್ಚು! ನೀನೇ ಹೇಳಪ್ಪಾ, ಮುಟ್ಟಿ ನೋಡು, ಇದು ಬ್ರೆಡ್ಡಾ?"

ಅವನು ಬಗ್ಗಿ ಬ್ರೆಡ್ಡು ಎತ್ತಿದ, ಹಿಚುಕಿ ನೋಡಿದ, ಚೆನ್ನಾಗೇ ಇದೆಯಲ್ಲ ಎಂದ. ಅಷ್ಟು ಹೊತ್ತಿಗೆ ಹುಳು ಒಳಗೆ ಹೋಗಿತ್ತು, ಹಕ್ಕಿ ಹೊರಟುಹೋಗಿತ್ತು. "ಮುದುಕಿಗೆ ಮೂಗೂ ಹೋಯ್ತು, ತಲೆಯೂ ಹೋಯ್ತು," ಎಂದು ವಿಸ್ತಿನ್ ಅವರ ಕಿವಿಯಲ್ಲಿ ಹೇಳಿ ಅವನು ಮನೆ ಸೇರಿದ. ವಿಸ್ತಿನ್ ಆ ಬ್ರೆಡ್ಡನ್ನು ಮನೆಗೆ ಕೊಂಡುಹೋಗಿ ಹೆಂಡತಿಯ ಜೊತೆ ತಿಂದರಂತೆ. ಅಷ್ಟು ರುಚಿಯಾದ ಬ್ರೆಡ್ಡು ತಿಂದೇ ಇರಲಿಲ್ಲ ಎನ್ನುತ್ತಾರೆ.

ಜೂನ್ ಹೊತ್ತಿಗೆ ನಾಲ್ಕು ಮರಿಗಳು ಹೊರಬಂದವು. ಗೋಡೆ, ಅಂಜೂರದ ಮರ, ಹೊಲ, ಆಮೇಲೆ ಆಕಾಶ. ಅವು ಕಣ್ಮರೆಯಾಗಿ ತಿಂಗಳು ಕಳೆದ ಮೇಲೆ, ಎಂದಿನ ಚಹಾ ಹಿಡಿದು, ವಿಸ್ತಿನ್ ತಂಗಳು ಸುದ್ದಿಯನ್ನು ಬಿಚ್ಚಿದರು. ರೊವೆನಾ ನಂಬಲಿಲ್ಲ. ನಂಬಬಾರದು ಕೂಡ, ಅದು ಅವರ ಕೆಲಸ. ಗೂಡಿನ ದಾಖಲೆ ಎಂದರೆ ಸಣ್ಣ ಮಾತಲ್ಲ, ಫೋಟೊ ಇಲ್ಲ, ಇನ್ನೊಬ್ಬ ಸಾಕ್ಷಿ ಯಾರು? ವಿಸ್ತಿನ್ ಮರುದಿನ ತಿರುವಿನಲ್ಲಿ ನಿಂತು ಫಿಲುಮೆನಾ ಅವರ ಕೈಗೆ ಫೋನು ಕೊಟ್ಟರು.

"ನೀವು ಹಕ್ಕೀನ ಸರಿಯಾಗಿ ನೋಡಿದ್ರಾ ಅಮ್ಮಾ?" ಎಂದರು ರೊವೆನಾ.

"ನೋಡೋದೇನು ಮಗಳೇ, ಮೂಸಿದೀನಿ! ಮುಖದ ಮೇಲೆ ಹಾಕಿಸ್ಕೊಂಡಿದೀನಿ! ನಿಮ್ಮ ಸಂಘದಲ್ಲಿ ಯಾರಿಗಾದ್ರೂ ಆ ಭಾಗ್ಯ ಬಂದಿದ್ಯಾ?"

ಆಚೆ ಬದಿಯಲ್ಲಿ ಬಹಳ ಹೊತ್ತು ನಗು ಕೇಳಿಸಿತಂತೆ. ಆಮೇಲೆ ರೊವೆನಾ ತಾವೇ ಬಂದು ಸಂದಿಯೊಳಗೆ ಕೈ ಹಾಕಿ, ಗರಿ ಹೆಕ್ಕಿಕೊಂಡು ಹೋದರು. ಕೈ ಎಷ್ಟು ತೊಳೆದರೂ ನಾತ ಹೋಗಲಿಲ್ಲ ಎಂದು ನನ್ನ ಹತ್ತಿರ ದೂರಿದರು. ಈ ವರ್ಷದ ವರದಿಯಲ್ಲಿ ಒಂದು ಸಾಲು ಇರುತ್ತದೆ: ಚಂದ್ರಮುಕುಟ, ಒಂದು ಜೋಡಿ, ನಾಲ್ಕು ಮರಿ, ಗೋಝೋ. ನೋಡಿದವರು ವಿ. ರಾಪಾ, ಫಿ. ಗ್ರೀಮಾ.

ಅದು ಫಿಲುಮೆನಾ ಅವರಿಗೆ ಸಾಲಲಿಲ್ಲ. ಆ ವರದಿ ಯಾರು ಓದುತ್ತಾರೆ? ಸೊಸೆ ಓದುತ್ತಾಳೆಯೇ? ಅದಕ್ಕೇ ಅವರು ನಮ್ಮ ಕಚೇರಿಗೆ ಬಂದದ್ದು. "ಫಿಲುಮೆನಾ ಗ್ರೀಮಾ ಮನೆ ಒಂದು ದಿನಾನೂ ನಾರಿಲ್ಲ ಅಂತ ಬರೀಬೇಕು. ದಪ್ಪ ಅಕ್ಷರದಲ್ಲಿ." ದಪ್ಪ ಅಕ್ಷರ ನನ್ನ ಕೈಯಲ್ಲಿಲ್ಲ. ಮಾತು ನಿಜ, ಆದ್ದರಿಂದ ಬರೆದಿದ್ದೇನೆ.

ವಿಸ್ತಿನ್ ಹೆದರಿದ್ದರು. ಬರೆದರೆ ಎದುರು ಮನೆಯವನಿಗೆ ಗೊತ್ತಾಗುವುದಿಲ್ಲವೇ, ಮುಂದಿನ ಮಾರ್ಚಿನಲ್ಲಿ ಅವು ಅದೇ ಸಂದಿಗೆ ಬಂದರೆ ಗತಿ ಏನು? ಅದಕ್ಕೂ ಫಿಲುಮೆನಾ ಹತ್ತಿರ ಮದ್ದಿದೆ. ಇಂದು ನಾನು ವ್ಯಾನಿನಲ್ಲಿ ಕೂತು ಸುತ್ತುವಾಗ ಎಲ್ಲ ತಿರುವುಗಳಲ್ಲೂ ಒಂದೇ ವಾಸನೆ. ಮೂರು ಊರಿನ ಹೆಂಗಸರು ತಂತಮ್ಮ ಗೋಡೆಯ ಬುಡದಲ್ಲಿ ಕೋಳಿಗೊಬ್ಬರದ ಚೀಲ ತಂದಿಟ್ಟಿದ್ದಾರೆ. ಚೀಲದ ಹಿಂದೆ ಅಲ್ಲೊಂದು ಇಲ್ಲೊಂದು ಕಲ್ಲು ಸರಿಸಿ ಸಂದಿ ಮಾಡಿದ್ದಾರೆ. ಮಾರ್ಚಿಗೆ ಮತ್ತೆ ಹೊಸ ಚೀಲ ಬರುತ್ತದಂತೆ. ಯಾವ ಸಂದಿಯಲ್ಲಿ ಹಕ್ಕಿ, ಯಾವುದರಲ್ಲಿ ಬರೀ ಗೊಬ್ಬರ ಎಂದು ಕಂಡುಹಿಡಿಯುವ ಮೂಗು ಯಾವ ಬೇಟೆಗಾರನಿಗೂ ಇಲ್ಲ.

ಊರಿನ ಕೊನೆಯ ತಿರುವು ಫಿಲುಮೆನಾ ಅವರದು. ಗೋಡೆಯ ಸಂದಿ ಖಾಲಿಯಿದೆ, ಜೇಡ ಬಲೆ ಕಟ್ಟಿದೆ. ವಿಸ್ತಿನ್ ನಿಲ್ಲಿಸಿ ಹಾರ್ನು ಹೊಡೆಯುತ್ತಾರೆ. ಖಾಲಿ ಗೋಡೆಯ ಮುಂದೆ ಇಷ್ಟು ಜೋರಾಗಿ ಯಾಕೆ ಎನ್ನುತ್ತೇನೆ.

"ಖಾಲಿ ಇರೋವಾಗ ಹೊಡ್ದಿದ್ರೆ ತಾನೇ, ತುಂಬಿರೋವಾಗ ಹೊಡ್ದಿದ್ದಕ್ಕೆ ಬೆಲೆ?"

ಫಿಲುಮೆನಾ ಚೀಲ ಹಿಡಿದು ಬರುತ್ತಾರೆ. ಬ್ರೆಡ್ಡನ್ನು ಬೆರಳಲ್ಲಿ ಒತ್ತಿ ನೋಡಿ, ಇವತ್ತೂ ಕಲ್ಲೇ ಎಂದು ಎದುರು ಮನೆಗೆ ಕೇಳುವಂತೆ ಹೇಳಿ, ನನಗೆ ಕಣ್ಣು ಹೊಡೆದು ಒಳಗೆ ಹೋಗುತ್ತಾರೆ.

ಇಷ್ಟೆಲ್ಲ ಆದ ಮೇಲೆ ನಿಮಗೆ ಬೇಕಾದ್ದೇನು ಎಂದು ವಿಸ್ತಿನ್ ಅವರನ್ನು ಕೇಳುತ್ತೇನೆ. ಮೊಣಕಾಲು ಉಜ್ಜಿಕೊಳ್ಳುತ್ತಾ ಯೋಚಿಸುತ್ತಾರೆ. ಹೊಸ ವ್ಯಾನು ಎನ್ನಬಹುದು, ಪ್ರಶಸ್ತಿ ಎನ್ನಬಹುದು ಎಂದು ನಾನು ಕಾಯುತ್ತೇನೆ.

"ಒಂದೇ ಒಂದು ದಿನ ಈ ತಿರುವಲ್ಲಿ ಹಾರ್ನ್ ಹೊಡೀದೆ ನಿಂತ್ಕೋಬೇಕು ಕಣಪ್ಪಾ. ಯಾಕೆ ಹೊಡೀಲಿಲ್ಲ ಅಂತ ಯಾರೂ ಯೋಚ್ನೆ ಮಾಡ್ಬಾರ್ದು. ಗೋಡೆ ಮೇಲೆ ಕೂತು ಆ ಹಕ್ಕೀನೇ ಮೂರು ಸಲ ಕೂಗ್ಲಿ. ವ್ಯಾನು ಬಂತು ಅಂದ್ಕೊಂಡು ಓಣಿಯೋರೆಲ್ಲ ಚೀಲ ಹಿಡ್ಕೊಂಡು ಹೊರಗೆ ಬರ್ಲಿ. ಎದುರು ಮನೆಯೋನೂ ಬರ್ಲಿ, ಬರೀ ಚೀಲ ಹಿಡ್ಕೊಂಡು."